ಒಂಬತ್ತು ಕೆಂಪು ಮೀನು

ಹಾಯಿದೋಣಿ ಜೆಟ್ಟಿಗೆ ಬಂದು ತಾಗಿದಾಗ ಬೆಳಿಗ್ಗೆ ಹತ್ತೂ ಹತ್ತು. ಹೋಗುವಾಗ ಅದರಲ್ಲಿ ಇಬ್ಬರಿದ್ದರು. ಬರುವಾಗ ಒಬ್ಬನೇ ಇದ್ದ.

ಬಂದವನು ಭಾವ. ಅವನು ಭಾವನಾಗಿದ್ದು ಒಬ್ಬನಿಗೆ ಮಾತ್ರ. ಆದರೆ ಆ ಒಬ್ಬ ದಿನವಿಡೀ ‘ಭಾವಾ, ಭಾವಾ’ ಎಂದು ಬಂದರಿಗೆಲ್ಲ ಕೇಳುವಂತೆ ಕೂಗುತ್ತಿದ್ದುದರಿಂದ, ಐಸ್ ಒಡೆಯುವವನಿಂದ ಹಿಡಿದು ಬಂದರಿನ ಅಧಿಕಾರಿಯವರೆಗೆ ಎಲ್ಲರಿಗೂ ಅವನು ಭಾವನೇ ಆಗಿಬಿಟ್ಟಿದ್ದ. ಬಾರದೇ ಉಳಿದವನು ಆ ಕೂಗುವವನೇ, ಭಾವನ ಹೆಂಡತಿಯ ತಮ್ಮ. ವಯಸ್ಸು ಇಪ್ಪತ್ತಾರು. ಎತ್ತರ ಆರಡಿ ಮೂರಂಗುಲ. ಅದಕ್ಕೇ ಬಂದರಿನವರು ಅವನಿಗೆ ಕುಳ್ಳ ಎಂದು ಹೆಸರಿಟ್ಟಿದ್ದರು.

ಸುದ್ದಿ ತಿಳಿದು ಇನ್ಸ್‌ಪೆಕ್ಟರ್ ಬಂದಳು. ಈ ಠಾಣೆಗೆ ವರ್ಗವಾಗಿ ಎರಡು ತಿಂಗಳಾಗಿತ್ತು. ಅಲ್ಲಿಯವರೆಗೆ ಆಕೆ ಸಮುದ್ರ ನೋಡಿದ್ದು ಕ್ಯಾಲೆಂಡರಿನಲ್ಲಿ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವುದನ್ನು ಹೋದ ವಾರವಷ್ಟೇ ಬಿಟ್ಟಿದ್ದಳು. ಆದರೆ ಸುಳ್ಳಿನ ವಾಸನೆ ಯಾವ ಊರಿನಲ್ಲೂ ಒಂದೇ, ಅದಕ್ಕೆ ಟ್ರೇನಿಂಗ್ ಬೇಕಿರಲಿಲ್ಲ.

“ಎಲ್ಲಿ ಆಯ್ತು?”

“ಪಶ್ಚಿಮಕ್ಕೆ ಮೇಡಂ. ನಲವತ್ತು ಮಾರು ಆಳ ಇರೋ ಕಡೆ. ರಾತ್ರಿಯಿಂದ ಅಲ್ಲೇ ಗಾಳ ಹಾಕ್ಕೊಂಡು ಕೂತಿದ್ವಿ. ಐದು ಗಂಟೆಗೆ ಮಂಜಲ್ಲಿ ಒಂದು ಇಂಜಿನ್ ದೋಣಿ ಬಂದು ಗುದ್ದಿಬಿಡ್ತು. ಹುಡುಗ ನೀರಿಗೆ ಬಿದ್ದ. ಗುದ್ದಿದವನು ನಿಲ್ಲಿಸಲೇ ಇಲ್ಲ.”

“ನೀವು ಹುಡುಕಲಿಲ್ವಾ?”

“ಒಂದು ಗಂಟೆ ಸುತ್ತು ಹಾಕಿದೆ. ಕೂಗಿ ಕೂಗಿ ಗಂಟಲು ಬಿದ್ದೋಯ್ತು.”

“ಯಾರ ದೋಣಿ?”

“ಯಾರದು ಅಂತ ಹೇಳೋಕೆ ಕಾಣಿಸಬೇಕಲ್ಲ. ಬಣ್ಣ ಮಾತ್ರ ಇಲ್ಲಿದೆ ನೋಡಿ.”

ಹಾಯಿದೋಣಿಯ ಬಿಳಿ ಹಲಗೆ ಒಂದು ಕಡೆ ಬಿರುಕು ಬಿಟ್ಟಿತ್ತು. ಅದರ ಸುತ್ತ ಮೊಳದುದ್ದ ನೀಲಿ ಗೀರು. ಇನ್ಸ್‌ಪೆಕ್ಟರ್ ಬಗ್ಗಿ ನೋಡುತ್ತಿರುವಾಗಲೇ ಭಾವ ಕೇಳಿದ.

“ಗಂಟೆ ಎಷ್ಟಾಯ್ತು ಮೇಡಂ?”

“ಹತ್ತೂವರೆ. ಯಾಕೆ?”

“ಸುಮ್ಮನೆ.”

ಅಷ್ಟರಲ್ಲಿ ಅಕ್ಕ ಬಂದಳು. ಕುಳ್ಳನಿಗೆ ಅಕ್ಕ, ಭಾವನಿಗೆ ಹೆಂಡತಿ. ಮೀನು ಸೀಳುವ ಶೆಡ್ಡಿನಿಂದ ಕತ್ತಿಯನ್ನೂ ಕೆಳಗಿಡದೆ ಓಡಿ ಬಂದಿದ್ದಳು. ಯಾರನ್ನೂ ಮಾತಾಡಿಸದೆ ದೋಣಿಗೆ ಇಳಿದು, ಮುದುಡಿಬಿದ್ದಿದ್ದ ಹಾಯಿಯನ್ನು ಎತ್ತಿ ಅದರಡಿ ನೋಡಿದಳು. ಚಿಕ್ಕವನಿದ್ದಾಗ ಅವನು ಅಡಗಿಕೊಳ್ಳುತ್ತಿದ್ದದ್ದು ಅಲ್ಲೇ.

“ಅವನು ಸಂಜೆವರೆಗೂ ಬೇಕಾದ್ರೆ ಈಜ್ತಾನೆ,” ಎಂದಳು. “ಯಾರಾದ್ರೂ ಬೇಗ ಹೋಗ್ರಪ್ಪ.”

ನಾಲ್ಕು ಇಂಜಿನ್ ದೋಣಿಗಳು ಪಶ್ಚಿಮಕ್ಕೆ ಹೊರಟವು. ಭಾವನ ಬುಟ್ಟಿಯಲ್ಲಿ ಐಸಿನ ಮೇಲೆ ಒಂಬತ್ತು ಕೆಂಪು ಮೀನುಗಳಿದ್ದವು. ಅದನ್ನು ಯಾರೋ ಎಂದಿನಂತೆ ಶೆಡ್ಡಿಗೆ ಹೊತ್ತರು.

* * *

ಬಂದರಿನಲ್ಲಿ ನೀಲಿ ಇಂಜಿನ್ ದೋಣಿ ಇದ್ದದ್ದು ಒಂದೇ. ಅದರ ಯಜಮಾನನಿಗೂ ಕುಳ್ಳನಿಗೂ ಹೋದ ವಾರ ಜೆಟ್ಟಿಯ ಮೇಲೇ ಜಗಳವಾಗಿತ್ತು. ಮೀನು ಮೊಟ್ಟೆಯಿಡುವ ಕಾಲದಲ್ಲಿ, ಬಲೆ ಬೀಸಬಾರದ ಜಾಗದಲ್ಲಿ ಬೀಸುತ್ತೀಯಾ ಎಂದು ಕುಳ್ಳ ಎಲ್ಲರೆದುರು ಅವನ ಮಾನ ಹರಾಜು ಹಾಕಿದ್ದ.

“ಬೆಳಿಗ್ಗೆ ಎಲ್ಲಿದ್ದೆ?” ಇನ್ಸ್‌ಪೆಕ್ಟರ್ ಕೇಳಿದಳು.

“ಮನೇಲಿ ಮಲಗಿದ್ದೆ ಮೇಡಂ.”

“ದೋಣಿ?”

“ಇಲ್ಲೇ ಇತ್ತು. ಎರಡು ದಿನದಿಂದ ಕದಲಿಲ್ಲ.”

ಆಕೆ ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಮೂಲೆಯಲ್ಲಿದ್ದ ಬಲೆ ಎತ್ತಿದಳು. ತೊಟಕ್ ತೊಟಕ್ ಎಂದು ನೀರು ಸೋರಿತು.

“ನಿನ್ನ ಬಲೆಗೆ ಮಲಗಿದಲ್ಲೇ ಬೆವರೋ ಅಭ್ಯಾಸ ಇದೆಯಾ?”

“ನಾನು ಯಾರಿಗೂ ಗುದ್ದಿಲ್ಲ ಮೇಡಂ. ನನ್ನ ಮಕ್ಕಳಾಣೆ.”

“ಹಾಗಾದ್ರೆ ಎಲ್ಲಿಗೆ ಹೋಗಿದ್ದೆ?”

ಯಜಮಾನ ಸೋರುತ್ತಿದ್ದ ಬಲೆಯನ್ನು ಮೂಲೆಗೆ ತಳ್ಳಿದ. ಕಾನ್‌ಸ್ಟೇಬಲ್ ಅವನ ತೋಳು ಹಿಡಿದ. ಊಟದ ಹೊತ್ತಿಗಿಂತ ಮುಂಚೆಯೇ ಕೇಸು ಮುಗಿಯಿತಲ್ಲ ಎಂದು ಕಾನ್‌ಸ್ಟೇಬಲ್ಲನ ಮುಖ ಅರಳಿತ್ತು.

ಇನ್ಸ್‌ಪೆಕ್ಟರ್ ಮಾತ್ರ ಅಲ್ಲೇ ನಿಂತಳು. ನೀಲಿ ದೋಣಿಯ ಮೈಸುತ್ತ, ಜೆಟ್ಟಿಗೆ ಉಜ್ಜದಿರಲೆಂದು, ಹಳೆಯ ಲಾರಿ ಟೈರುಗಳನ್ನು ಸಾಲಾಗಿ ನೇತುಹಾಕಿದ್ದರು. ಇಷ್ಟೊಂದು ಟೈರುಗಳನ್ನು ದಾಟಿ ನೀಲಿ ಬಣ್ಣ ಹೇಗೆ ತಾಗುತ್ತದೆ? ಗುದ್ದಿದ್ದೇ ನಿಜವಾದರೆ ಕಪ್ಪು ಗೀರು ಬೀಳಬೇಕಿತ್ತು.

ಆಕೆ ಸೀದಾ ಹಾಯಿದೋಣಿಗೆ ವಾಪಸ್ಸು ಬಂದಳು. ಈ ಸಲ ಬಿರುಕಿಲ್ಲದ ಕಡೆ ಹೋಗಿ, ಜೀಪಿನ ಕೀಲಿಯಿಂದ ಬಿಳಿ ಬಣ್ಣವನ್ನು ಕೆರೆದಳು. ಒಂದು ಪದರ ಎದ್ದಿತು. ಅದರಡಿ ನೀಲಿ.

ಪಕ್ಕದಲ್ಲಿ ಐಸ್ ಒಡೆಯುತ್ತಿದ್ದವನನ್ನು ಕೇಳಿದಳು. “ಈ ದೋಣಿ ಮೊದಲು ಯಾವ ಬಣ್ಣ ಇತ್ತು?”

“ನೀಲಿನೇ ಮೇಡಂ. ಕುಳ್ಳನ ಅಪ್ಪನ ಕಾಲದ್ದು. ಅವರು ಹೋದ ಮೇಲೆ ಭಾವನೇ ಬಿಳಿ ಹಚ್ಚಿದ.”

ಅಂದರೆ ಯಾವ ದೋಣಿಯೂ ಗುದ್ದಿಲ್ಲ. ಗಟ್ಟಿಯಾದ ಏನಕ್ಕೋ ಉಜ್ಜಿ, ಹಾಯಿದೋಣಿಯ ಹಳೆಯ ಬಣ್ಣವೇ ಹೊರಬಂದಿದೆ. ಬಣ್ಣ ಹಚ್ಚಿದವನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ನಮ್ಮ ಕಿವಿ ಮೇಲೆ ಹೂವಿಡಲು ಹೊರಟಿದ್ದಾನೆ ಎಂದುಕೊಂಡಳು. ಆದರೆ ನಲವತ್ತು ಮಾರು ಆಳದ ನೀರಿನಲ್ಲಿ ಉಜ್ಜುವುದಕ್ಕೆ ಏನಿದೆ?

ಬಂದರಿನ ಆಫೀಸಿನ ಕಿಟಕಿಯಲ್ಲಿ ಇಣುಕಿದಳು. ಭಾವ ಕಂಬಳಿ ಹೊದ್ದು ಬೆಂಚಿನ ಮೇಲೆ ಕೂತಿದ್ದ. ಸಮುದ್ರ ಕಾಣುವ ಕಿಟಕಿಗೆ ಬೆನ್ನು. ಮುಖ ಗೋಡೆಯ ಗಡಿಯಾರದ ಕಡೆಗೆ. ಒಂದೂ ಐವತ್ತಾಗಿತ್ತು.

* * *

ಮೀನು ಸೀಳುವ ಶೆಡ್ಡಿನಲ್ಲಿ ಅಕ್ಕ ಒಬ್ಬಳೇ ಇದ್ದಳು. ಉಳಿದ ಹೆಂಗಸರು ಜೆಟ್ಟಿಯ ತುದಿಯಲ್ಲಿ ನಿಂತು ಪಶ್ಚಿಮ ನೋಡುತ್ತಿದ್ದರು. ತಮ್ಮ ನೀರುಪಾಲಾಗಿರುವಾಗ ಇವಳು ಇಲ್ಲಿ ಕೂತು ಮೀನು ಸೀಳುತ್ತಿದ್ದಾಳಲ್ಲ ಎಂದು ಇನ್ಸ್‌ಪೆಕ್ಟರಿಗೆ ಅನಿಸಿತು.

ಆಕೆಯ ನೋಟ ಅಕ್ಕನಿಗೆ ಅರ್ಥವಾಯಿತು. “ಕೈ ಸುಮ್ಮನಿದ್ರೆ ತಲೆ ಕೆಟ್ಟೋಗುತ್ತೆ ಮೇಡಂ,” ಎಂದಳು.

ಮೂರನೇ ಮೀನಿನ ಹೊಟ್ಟೆಗೆ ಬೆರಳು ಹಾಕಿದ ಅಕ್ಕ ಗಕ್ಕನೆ ನಿಂತಳು. ಕರುಳನ್ನು ಬಕೆಟ್ಟಿಗೆ ಎಸೆಯಬೇಕಿತ್ತು. ಎಸೆಯಲಿಲ್ಲ. ಏನನ್ನೋ ಮುಷ್ಟಿಯಲ್ಲಿ ಹಿಡಿದು ಸೆರಗಿನಡಿ ಎಳೆದುಕೊಂಡಳು.

“ಏನದು?”

“ಏನಿಲ್ಲ.”

“ಕೈ ತೋರಿಸಮ್ಮ.”

ಅಕ್ಕ ತೋರಿಸಲಿಲ್ಲ. ಎಡಗೈಯಲ್ಲೇ ನಾಲ್ಕನೇ ಮೀನು ಎಳೆದುಕೊಂಡು ಸೀಳಿದಳು. ಐದನೆಯದು. ಆರನೆಯದು. ಒಂಬತ್ತನೆಯದು ಮುಗಿಯುವ ಹೊತ್ತಿಗೆ ಅವಳ ಮುಖ ಸುಣ್ಣ ಬಳಿದಂತಾಗಿತ್ತು. ಗಂಡ, ಹೆಂಡತಿ ಇಬ್ಬರೂ ಸೇರಿಯೇ ಹುಡುಗನನ್ನು ಮುಗಿಸಿದ್ದಾರೆಯೇ? ಇನ್ಸ್‌ಪೆಕ್ಟರಿಗೆ ಅನುಮಾನ ಬಂದದ್ದು ಸುಳ್ಳಲ್ಲ.

“ಮೇಡಂ,” ಅಕ್ಕ ಮೆಲ್ಲಗೆ ಕೇಳಿದಳು, “ಇವತ್ತು ಅಮಾವಾಸ್ಯೆ ಅಲ್ವಾ?”

“ಹೌದು. ಅದಕ್ಕೂ ಇದಕ್ಕೂ ಏನು ಸಂಬಂಧ?”

ಅಕ್ಕ ಮುಷ್ಟಿ ಬಿಚ್ಚಿದಳು. ಕಪ್ಪು ಚಿಪ್ಪಿನ ಚೂರುಗಳು. ಇನ್ನೂ ಹೊಳೆಯುತ್ತಿದ್ದವು.

“ಎಲ್ಲಾ ಮೀನಿನ ಹೊಟ್ಟೇಲೂ ಇದೇ ಇದೆ. ಅರಗೇ ಇಲ್ಲ, ಬೆಳಿಗ್ಗೆ ತಿಂದಿದ್ದು. ಈ ಚಿಪ್ಪು ಆಳದಲ್ಲಿ ಬೆಳೆಯಲ್ಲ ಮೇಡಂ. ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಏಳೋ ಕಲ್ಲಿನ ಮೇಲೆ ಮಾತ್ರ ಬೆಳೆಯುತ್ತೆ. ಅಂಥ ಕಲ್ಲು ಈ ಕಡೆ ಇರೋದು ಒಂದೇ, ದಕ್ಷಿಣದ ಬೋಳುಬಂಡೆ. ಬಲೆ ಬೀಸಬಾರದು ಅಂತಾರಲ್ಲ, ಅದೇ ಜಾಗ.”

“ಪಶ್ಚಿಮಕ್ಕೆ ಹೋಗೇ ಇಲ್ಲ ಹಾಗಾದ್ರೆ?”

“ಗಾಳಕ್ಕೆ ಸಿಕ್ಕಿಸೋಕೆ ಚಿಪ್ಪಿನ ಮಾಂಸ ಬೇಕು ಅಂತ ಬಂಡೆಗೆ ಹೋಗ್ತಾರೆ. ಯಾವಾಗಲೂ ಬಂಡೆ ಮೇಲೆ ಇಳಿಯೋನು ನನ್ನ ತಮ್ಮನೇ.” ಅವಳ ದನಿ ಒಡೆಯಿತು. “ಸೋಮವಾರ ಅವನಿಗೆ ಲೈಸೆನ್ಸ್ ಬಂತು. ದೋಣಿ ಅವನ ಹೆಸರಲ್ಲೇ ಇರೋದು. ಇನ್ಮೇಲೆ ಚುಕ್ಕಾಣಿ ನಂದು, ನೀವು ಮುಂದೆ ಕೂತು ಗಾಳ ಹಾಕಿ ಭಾವ ಅಂದ. ತಮಾಷೆಗೇ ಅಂದಿದ್ದು. ಇವರು ನಗಲಿಲ್ಲ. ಅವತ್ತಿಂದ ಸರಿಯಾಗಿ ಊಟಾನೂ ಮಾಡಿಲ್ಲ.”

ಇನ್ಸ್‌ಪೆಕ್ಟರ್ ಬಾಗಿಲ ಕಡೆ ಹೊರಳಿದಳು. “ಉಬ್ಬರ ಎಷ್ಟು ಗಂಟೆಗೆ?”

“ಮೂರೂ ಐವತ್ತಕ್ಕೆ ತುಂಬುತ್ತೆ. ಅಮಾವಾಸ್ಯೆ ಉಬ್ಬರಕ್ಕೆ ಬಂಡೆ ಕಾಣಿಸೋದೇ ಇಲ್ಲ. ನಾನು ನಿಂತ್ರೆ ತಲೆ ಮುಳುಗುತ್ತೆ. ಅಲೆ ಬೇರೆ, ಎತ್ತಿ ಕಲ್ಲಿಗೇ ಬಡಿಯುತ್ತೆ.”

ಭಾವ ಗಡಿಯಾರದಿಂದ ಕಣ್ಣು ಕೀಳದೆ ಕೂತಿದ್ದು ಯಾತಕ್ಕೆ ಎಂದು ಆಗ ತಿಳಿಯಿತು. ಈಗ ಗಂಟೆ ಎರಡೂ ಕಾಲು. ಬಂದರಿನ ದೋಣಿಗಳೆಲ್ಲ ಎರಡು ಗಂಟೆ ದೂರದ ಪಶ್ಚಿಮದಲ್ಲಿದ್ದವು. ಉಳಿದಿದ್ದು ಒಂದೇ ಇಂಜಿನ್ ದೋಣಿ. ಅದರ ಯಜಮಾನ ಲಾಕಪ್ಪಿನಲ್ಲಿದ್ದ.

* * *

“ಬೆಳಿಗ್ಗೆ ಬೋಳುಬಂಡೆ ಹತ್ರ ಬಲೆ ಬೀಸ್ತಿದ್ದೆ ತಾನೇ?” ಲಾಕಪ್ಪಿನ ಬೀಗ ತೆಗೆಯುತ್ತ ಇನ್ಸ್‌ಪೆಕ್ಟರ್ ಕೇಳಿದಳು.

ಯಜಮಾನ ತಲೆ ತಗ್ಗಿಸಿದ.

“ಅಲ್ಲಿ ಹಾಯಿದೋಣಿ ಕಾಣಿಸ್ತಾ?”

“ಕಾಣಿಸ್ತು ಮೇಡಂ. ಏಳೂವರೆಗೆ ಬಂಡೆಯಿಂದ ಹೊರಟಿತು. ನನ್ನ ಗುಟ್ಟು ರಟ್ಟಾಗುತ್ತೆ ಅಂತ ನಾನೂ ಬೇರೆ ಕಡೆ ಓಟ ಕಿತ್ತೆ. ಎಷ್ಟು ಜನ ಇದ್ರು ಅಂತ ನೋಡಲಿಲ್ಲ.”

“ಕುಳ್ಳ ಬಂಡೆ ಮೇಲಿದಾನೆ. ದೋಣಿ ತೆಗಿ.”

ಯಜಮಾನ ಜೆಟ್ಟಿಯ ಕಡೆ ಓಡಿದ. ಓಡುತ್ತಲೇ ಕೇಳಿದ, “ಬಲೆ ಕೇಸು ಬಿಡ್ತೀರಾ ಮೇಡಂ?”

“ಅದು ಹಾಕೇ ಹಾಕ್ತೀನಿ. ನಡಿ.”

ಸಮುದ್ರ ಎದ್ದಿತ್ತು. ಇನ್ಸ್‌ಪೆಕ್ಟರ್ ಎರಡು ಸಲ ವಾಂತಿ ಮಾಡಿಕೊಂಡಳು. ಅಕ್ಕ ದೋಣಿಯ ಮೂತಿಯಲ್ಲಿ ನಿಂತವಳು ತಿರುಗಿಯೂ ನೋಡಲಿಲ್ಲ. ಮೂರೂವರೆಗೆ ಬೋಳುಬಂಡೆ ಇರಬೇಕಾದ ಕಡೆ ಬರೀ ನೊರೆ ಕಂಡಿತು. ಬಂಡೆ ಇರಲಿಲ್ಲ.

“ಅಲ್ಲಿ,” ಎಂದಳು ಅಕ್ಕ.

ನೊರೆಯ ನಡುವೆ ಒಂದು ತಲೆ, ಎರಡು ಭುಜ. ನೀರು ಎದೆಯ ಮೇಲಿತ್ತು. ಚಿಪ್ಪು ಕೆರೆಯುವ ಚಾಕುವನ್ನು ಕಲ್ಲಿನ ಸಂದಿಗೆ ಚುಚ್ಚಿ, ಬಗ್ಗಿ ಅದನ್ನೇ ಹಿಡಿದು ನಿಂತಿದ್ದ. ಅವನು ನಿಜಕ್ಕೂ ಕುಳ್ಳನಾಗಿದ್ದರೆ ಅಷ್ಟೊತ್ತಿಗೆ ಕಥೆ ಮುಗಿದಿರುತ್ತಿತ್ತು. ನೀಲಿ ದೋಣಿಯ ಯಜಮಾನ ಎಸೆದ ಹಗ್ಗ ಮೂರನೇ ಸಲಕ್ಕೆ ಸಿಕ್ಕಿತು. ಮೇಲೆ ಎಳೆದುಕೊಂಡಾಗ ಅವನ ಅಂಗಾಲು ಚಿಪ್ಪಿಗೆ ಸೀಳಿ ರಕ್ತ ಸುರಿಯುತ್ತಿತ್ತು. ಅಕ್ಕ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಸಲ ಜೋರಾಗಿ ಅತ್ತಳು.

“ಮರೆತು ಹೋದ್ರೇನೋ ಅಂದ್ಕೊಂಡೆ ಅಕ್ಕ,” ಎಂದ ಕುಳ್ಳ ನಡುಗುತ್ತ. “ತಿರುಗಿ ಬರ್ತಾರೆ ಅಂತ ಕಾಯ್ತಾನೇ ಇದ್ದೆ.”

* * *

ಬಂದರಿನ ಆಫೀಸಿನ ಬಾಗಿಲು ತೆರೆದಾಗ ನಾಲ್ಕೂ ಮುಕ್ಕಾಲು. ಭಾವ ಎದ್ದು ನಿಂತ. ಅಳುವುದಕ್ಕೆ ಮುಖ ಸಿದ್ಧ ಮಾಡಿಕೊಂಡಿದ್ದ.

“ಕೂತ್ಕೊಳ್ಳಿ,” ಎಂದಳು ಇನ್ಸ್‌ಪೆಕ್ಟರ್. “ಉಬ್ಬರ ಮುಗೀತು. ಇನ್ನು ಗಡಿಯಾರ ನೋಡೋ ಕೆಲಸ ಇಲ್ಲ.”

ಭಾವನ ಮುಖದ ಅಳು ಅರ್ಧಕ್ಕೇ ನಿಂತಿತು.

“ನೀಲಿ ದೋಣಿಗೆ ಸುತ್ತ ಟೈರು. ಗುದ್ದಿದ್ರೆ ಕಪ್ಪು ಬೀಳ್ತಿತ್ತು. ನಿಮ್ಮ ಹಲಗೆ ಮೇಲಿನ ನೀಲಿ ನಿಮ್ಮ ಮಾವ ಹಚ್ಚಿದ್ದು. ಹುಡುಗನ್ನ ಬಂಡೆ ಮೇಲೆ ಬಿಟ್ಟು ಗಡಿಬಿಡೀಲಿ ದೋಣಿ ತಿರುಗಿಸಿದಾಗ ಕಲ್ಲಿಗೆ ಉಜ್ಜಿ ಬಿಳಿ ಎದ್ದಿದೆ. ನೀಲಿ ಕಂಡಿದ್ದೇ ನಿಮಗೆ ಕಥೆ ಹೊಳೀತು. ನೀಲಿ ದೋಣಿಯವನಿಗೂ ಹುಡುಗನಿಗೂ ಜಗಳ ಆಗಿದ್ದು ಎಲ್ಲರಿಗೂ ಗೊತ್ತಿತ್ತಲ್ಲ. ಹುಡುಕೋರನ್ನ ಪಶ್ಚಿಮಕ್ಕೆ ಕಳಿಸಿದ್ರಿ. ದಕ್ಷಿಣದಲ್ಲಿ ನಾಲ್ಕು ಗಂಟೆ ಹೊತ್ತಿಗೆ ಸಮುದ್ರವೇ ನಿಮ್ಮ ಕೆಲಸ ಮುಗಿಸ್ತಿತ್ತು.”

“ಇದೆಲ್ಲ ಊಹೆ. ಸಾಕ್ಷಿ ಎಲ್ಲಿದೆ?”

ಬಾಗಿಲಲ್ಲಿ ಕುಳ್ಳ ಕಾಣಿಸಿಕೊಂಡ. ಬಾಗಿಲಿಗಿಂತ ಎತ್ತರ ಇದ್ದುದರಿಂದ ಎಂದಿನಂತೆ ಬಗ್ಗಿಯೇ ಒಳಗೆ ಬಂದ. ಅಕ್ಕನ ಭುಜ ಹಿಡಿದುಕೊಂಡಿದ್ದ.

ಭಾವ ಬೆಂಚಿನ ಮೇಲೆ ಕುಸಿದ. ನೆಲ ನೋಡುತ್ತ ಹೇಳಿದ, “ನಾನು ಅವನ ಮೈ ಮುಟ್ಟಿಲ್ಲ. ಹನ್ನೊಂದು ವರ್ಷ ಆ ಚುಕ್ಕಾಣಿ ಹಿಡಿದಿದೀನಿ. ಮುಂದೆ ಹೋಗಿ ಕೂತ್ಕೋ ಅಂದ್ರೆ ಹೇಗೆ?”

“ಹನ್ನೊಂದು ವರ್ಷ ನಾನೂ ನೀವು ತಂದ ಮೀನು ಸೀಳಿದೀನಿ,” ಎಂದಳು ಅಕ್ಕ. “ಒಂದು ದಿನನಾದ್ರೂ ಪಕ್ಕ ಕೂತು ಅದರ ಹೊಟ್ಟೇಲಿ ಏನಿರುತ್ತೆ ಅಂತ ನೋಡಿದ್ರೆ, ಇವತ್ತು ಆ ಬುಟ್ಟಿ ದಡಕ್ಕೆ ತರ್ತಿರಲಿಲ್ಲ ನೀವು.”

ಭಾವನಿಗೆ ಅದು ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಮೇಲೆ ಅವನು ಹೆಂಡತಿಯ ಮುಖ ನೋಡಲಿಲ್ಲ.

ಕಾನ್‌ಸ್ಟೇಬಲ್ ಮುಂದೆ ಬಂದು ಅವನ ತೋಳು ಹಿಡಿದ. ಬೆಳಗಿನಿಂದ ಊಟವಿಲ್ಲದೆ ಸುಸ್ತಾಗಿತ್ತು, ಬಾಯಿಗೆ ರೂಢಿಯ ಮಾತೇ ಬಂತು. “ನಡಿ ಭಾವ.”

“ಹಾಗೆ ಕರೀಬೇಡಿ ಸರ್,” ಎಂದ ಕುಳ್ಳ ಮೆಲ್ಲಗೆ.

ಹೊರಗೆ ಬಂದರಿನವರೆಲ್ಲ ನೆರೆದಿದ್ದರು. ಅವನನ್ನು ಜೀಪಿನವರೆಗೆ ನಡೆಸಿಕೊಂಡು ಹೋದಾಗ ಒಬ್ಬರೂ ಅವನನ್ನು ಕೂಗಿ ಮಾತಾಡಿಸಲಿಲ್ಲ. ಏನೆಂದು ಕೂಗಬೇಕೋ ಅವರಿಗೂ ತಿಳಿಯಲಿಲ್ಲ.