ಹಟ್ಟಿ ತುಂಬಿದ ಬೂದಿಹಸುಗಳು

ಬಹಳ ಬಹಳ ಹಿಂದೆ, ಬೆಟ್ಟಗಳ ಆಚೆ ಹೊಂಬಯಲು ಎಂಬ ಪುಟ್ಟ ರಾಜ್ಯವಿತ್ತು. ಅಲ್ಲಿ ಅಧಿಪತಿಯನ್ನು ಜನರೇ ಆರಿಸುತ್ತಿದ್ದರು. ಐದು ವರ್ಷಕ್ಕೊಮ್ಮೆ ಪ್ರತಿ ಮನೆಯವರೂ ಹಾಲು ಕರೆಯುವ ಹಸುವೊಂದನ್ನು ತಂದು, ತಮಗೆ ಬೇಕಾದವನ ಹಟ್ಟಿಯಲ್ಲಿ ಕಟ್ಟುವುದು. ಕರುವನ್ನು ಮನೆಯಲ್ಲೇ ಬಿಟ್ಟು ಬರುವುದು. ಹಸು ಹೆಚ್ಚಿದ್ದವನಿಗೆ ಗದ್ದುಗೆ.

ಆಗಿನ ಅಧಿಪತಿ ಚಂಡಕೇತು ಗದ್ದುಗೆ ಬಿಡಲೊಲ್ಲದವನು. ಊರಿನ ಕೆರೆನೀರನ್ನೆಲ್ಲ ತನ್ನ ತೋಟಕ್ಕೆ ತಿರುಗಿಸಿಕೊಂಡಿದ್ದ. ಸೋತವನು ಕಲ್ಲಾಗಬೇಕೆಂದು ಹೊಸ ಕಟ್ಟಳೆ ಬೇರೆ ಮಾಡಿದ್ದ. ಹಿಂದೆ ಅವನೆದುರು ನಿಂತ ಇಬ್ಬರು ಅರಮನೆಯ ಬಾಗಿಲಲ್ಲಿ ಕಲ್ಲಾಗಿದ್ದರು. ಆದರೂ ಕೆರೆಯ ತೂಬು ಕಾಯುವ ಮುದ್ದಯ್ಯ ಈ ಸಲ ಎದುರು ನಿಂತ.

ಬೆಳಗಾಗುತ್ತಲೇ ಮುದ್ದಯ್ಯನ ಹಟ್ಟಿ ತುಂಬಿತು. ಆಗ ಚಂಡಕೇತುವಿನ ಕಡೆಯ ಹೊಗೆಗಣ್ಣನೆಂಬ ಮಾಂತ್ರಿಕ ಒಂದು ಹಿಡಿ ಬೂದಿ ಊದಿದ. ಚಂಡಕೇತುವಿನ ಹಟ್ಟಿಯಲ್ಲಿ ಸಾವಿರ ಹಸು ಎದ್ದು ನಿಂತವು.

"ಎಣಿಸಿಕೊಳ್ಳಯ್ಯಾ, ತೂಬಿನವನೇ!" ಎಂದು ಚಂಡಕೇತು ನಕ್ಕ.

"ಬುದ್ಧೀ, ನಮ್ಮ ನಾಡಿನಲ್ಲಿ ಇಷ್ಟು ಮನೆಗಳೇ ಇಲ್ಲವಲ್ಲ!"

"ಹಾಗಾದರೆ ಪರೀಕ್ಷೆ ಮಾಡು. ಶಂಖ ಮೂರು ಸಲ ಮೊಳಗುವುದರೊಳಗೆ ಸುಳ್ಳೆಂದು ತೋರಿಸು. ಒಂದೊಂದು ಶಂಖಕ್ಕೂ ಅಷ್ಟಷ್ಟು ಕಲ್ಲಾಗುತ್ತೀಯೆ."

ಮುದ್ದಯ್ಯ ಹುಲ್ಲು ಹಾಕಿದ. ಹಸುಗಳು ತಿಂದವು. ಶಂಖ ಮೊಳಗಿತು, ಅವನು ಮೊಣಕಾಲವರೆಗೆ ಕಲ್ಲಾದ. ಕೈಗೆಟುಕಿದ ಹಸುವಿನ ಮೈ ಮುಟ್ಟಿದ. ಬೆಚ್ಚಗಿತ್ತು, ಬಾಲವನ್ನೂ ಬೀಸಿತು. ಶಂಖ ಮೊಳಗಿತು; ಎದೆಯವರೆಗೆ ಕಲ್ಲಾದ.

ಅಷ್ಟರಲ್ಲಿ ಸಂಜೆಯಾಯಿತು. ಸಣ್ಣೀರವ್ವನೆಂಬ ಮುದುಕಿ ರೇಗಿದಳು: "ನಿಮ್ಮ ಜಗಳಕ್ಕಿಷ್ಟು! ಕರೆಯೋ ಹೊತ್ತಾಯ್ತು, ನನ್ನ ಕರು ಮನೇಲಿ ಅರಚ್ತಾ ಇರ್ತದೆ. ಹಸು ಬಿಡ್ರಪ್ಪಾ!"

"ಮೂರನೇ ಶಂಖದವರೆಗೆ ಯಾವ ಹಸುವನ್ನೂ ಬಿಚ್ಚುವಂತಿಲ್ಲ!" ಎಂದ ಚಂಡಕೇತು.

ಮುದ್ದಯ್ಯ ಕಣ್ಣು ಮುಚ್ಚಿ ಶಿವನನ್ನು ನೆನೆದ. ತನ್ನ ಹಟ್ಟಿಯ ಹಸುಗಳು ಕೆಚ್ಚಲು ಬಿಗಿದು ಅಂಬಾ ಎನ್ನುತ್ತಿದ್ದವು. ಆಚೆಯ ಹಟ್ಟಿ ಮಾತ್ರ ತೆಪ್ಪಗಿತ್ತು.

"ಅವ್ವಾ, ಹಸು ಇರಲಿ. ಕರುಗಳನ್ನು ಬಿಡಿ. ಇದೇ ನನ್ನ ಮೂರನೇ ಪರೀಕ್ಷೆ."

"ಕರುವೇ? ಬರಲಿ ಬಿಡು," ಎಂದ ಚಂಡಕೇತು. ಹುಟ್ಟಿದಾಗಿನಿಂದ ಅವನು ಹಾಲು ಕುಡಿದವನೇ ಹೊರತು ಕರು ಕಟ್ಟಿದವನಲ್ಲ. ಹೊಗೆಗಣ್ಣನ ಮುಖ ಮಾತ್ರ ಬಿಳಿಚಿತು.

ಹೆಂಗಸರು ಮನೆಗೋಡಿ ಹಗ್ಗ ಬಿಚ್ಚಿದರು. ಕರುಗಳು ಬಾಲವೆತ್ತಿ ಓಡೋಡಿ ಬಂದು ತಂತಮ್ಮ ತಾಯಿಯ ಮಡಿಲು ಸೇರಿದವು. ಸಣ್ಣೀರವ್ವನ ತುಂಟ ಕರು ಮಾತ್ರ ದಾರಿ ತಪ್ಪಿ ಚಂಡಕೇತುವಿನ ಹಟ್ಟಿಗೆ ನುಗ್ಗಿ ಒಂದು ಹಸುವಿನ ಕೆಚ್ಚಲಿಗೆ ಗುದ್ದಿತು. ಹಾಲಿಲ್ಲದ ಆ ಹಸು ಬುಸ್ಸೆಂದು ಬೂದಿಯಾಯಿತು! ಪಕ್ಕದ್ದಕ್ಕೆ ಗುದ್ದಿತು. ಅದೂ ಬೂದಿ! ಸಾಲಿಗೆ ಸಾಲೇ ಉದುರಿತು. ಹೊಗೆಗಣ್ಣನೂ ಹೊಗೆಯಾಗಿ ಗಾಳಿಗೆ ಹೋದ. ಹಟ್ಟಿಯಲ್ಲಿ ಉಳಿದದ್ದು ಒಂದೇ ಹಸು.

"ಬೇಜಾರು ಮಾಡ್ಕೋಬೇಡಿ ಬುದ್ಧೀ, ಅದು ನಿಮ್ಮ ಮನೇದೇ!" ಎಂದಳು ಸಣ್ಣೀರವ್ವ.

ಶಂಖ ಊದುವವನು ಮೂರನೇ ಸಲಕ್ಕೆಂದು ಬಾಯಿಗಿಟ್ಟಿದ್ದ ಶಂಖವನ್ನು ಕೆಳಗಿಟ್ಟ. ಮುದ್ದಯ್ಯನ ಮೈಯ ಕಲ್ಲು ಕಳಚಿ ಬಿತ್ತು. ಅರಮನೆಯ ಬಾಗಿಲಲ್ಲಿ ಕಲ್ಲಾಗಿದ್ದ ಇಬ್ಬರೂ ಆಕಳಿಸುತ್ತ ನಡೆದು ಬಂದರು.

"ಚಂಡಕೇತುವನ್ನು ಕಲ್ಲು ಮಾಡಿ!" ಎಂದು ಜನ ಕೂಗಿದರು.

ಮುದ್ದಯ್ಯ ಕೈಯೆತ್ತಿದ. "ಆ ಕಟ್ಟಳೆ ಅವನ ಆಳ್ವಿಕೆಯ ಜೊತೆಗೇ ಹೋಯಿತು. ತನ್ನ ಹಸು ಹೊಡೆದುಕೊಂಡು ಮನೆಗೆ ಹೋಗಲಿ. ಐದು ವರ್ಷದ ಮೇಲೆ ಮನಸ್ಸಿದ್ದರೆ ಮತ್ತೆ ನಿಲ್ಲಲಿ."

ಗದ್ದುಗೆಯೇರುವ ಮೊದಲು ಅವನು ಹೋಗಿ ಕೆರೆಯ ತೂಬು ತೆಗೆದ. ನೀರು ಎಲ್ಲರ ಹೊಲಕ್ಕೂ ಹರಿಯಿತು. ಅಂದಿನಿಂದ ಹೊಂಬಯಲಿನವರು ಆರಿಸಲು ಬರುವಾಗ ಕರುವನ್ನೂ ಕರೆತರುತ್ತಿದ್ದರು. ಶಿವನ ದಯೆಯಿಂದ ಹಾಲುಂಡು ತಣ್ಣಗೆ ಬಾಳಿದರು.