ಹೂದಿಂಬಿನ ಕೊನೆಯ ಸುತ್ತು

ಹೂದಿಂಬಿನ ಹೊಟ್ಟೆ ಸೀಳಿತ್ತು.

ಮಧ್ಯಾಹ್ನ ಒಂದು ಗಂಟೆ. ಅಂಗಡಿಯಿಂದ ಗುಂಡಿ ತಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಫೆಲ್ಟ್ ಬಟ್ಟೆಯ ದಳಗಳನ್ನು ದಿಂಬಿನ ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಲಿಯುತ್ತ ಬಂದು, ನಡುವಿನ ಕೊನೆಯ ಸುತ್ತನ್ನಷ್ಟೇ ಬಾಕಿ ಬಿಟ್ಟು ಹೋಗಿದ್ದಳು. ಈಗ ಅದರ ಹಿಂದಿನ ಸುತ್ತೂ ಮಾಯ. ಬಟ್ಟೆ ಬಾಯಿಬಿಟ್ಟು ಹತ್ತಿ ಇಣುಕುತ್ತಿತ್ತು.

ನಾಲ್ಕಕ್ಕೆ ಶಿಶುವಿಹಾರದ ಮೇಡಂ ಬರುವವರಿದ್ದರು. ಮಕ್ಕಳು ಕತೆ ಕೇಳುವ ಮೂಲೆಗೆ ಇಂಥ ಇಪ್ಪತ್ತು ದಿಂಬು ಬೇಕಂತೆ; ಆದರೆ ಮೊದಲು ಒಂದನ್ನು ಕಣ್ಣಾರೆ ನೋಡಬೇಕಂತೆ. ಆರು ತಿಂಗಳಿಂದ ಹೊಲಿದು ಹೊಲಿದು ಮನೆಯಲ್ಲಿ ಕೂರಲು ಜಾಗವಿಲ್ಲದಂತೆ ಮಾಡಿದ್ದವಳಿಗೆ ಇದೇ ಮೊದಲ ಆರ್ಡರ್. ಅದು ಕೈತಪ್ಪಿದರೆ?

ಗಂಡ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿದ್ದವರು ಇಬ್ಬರೇ. ಕಣ್ಣಿನ ಆಪರೇಷನ್ ಆಗಿ ಎರಡು ವಾರವಾಗಿದ್ದ ಅತ್ತೆ ಒಳಗೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಾದಿನಿ ಅಡುಗೆಮನೆಯ ನೆಲದ ಮೇಲೆ ಪುಸ್ತಕ ಹರಡಿಕೊಂಡು ಪರೀಕ್ಷೆಗೆ ಓದುತ್ತಿದ್ದಳು. ಅವಳ ಮೇಜನ್ನು ಫೆಲ್ಟ್ ತುಂಡುಗಳು ಆಕ್ರಮಿಸಿ ತಿಂಗಳಾಗಿತ್ತು. ಆ ವಿಷಯಕ್ಕೆ ನಿನ್ನೆಯಷ್ಟೇ ಮಾತಿಗೆ ಮಾತು ಬೆಳೆದಿತ್ತು. ಹಾಗಾಗಿ ಸೊಸೆ ಹೆಚ್ಚು ಯೋಚಿಸಲು ಹೋಗಲಿಲ್ಲ.

"ಮೇಜು ಬೇಕಿದ್ರೆ ಬಾಯ್ಬಿಟ್ಟು ಕೇಳ್ಬೋದಿತ್ತು. ಹೀಗಾ ಮಾಡೋದು?"

ನಾದಿನಿ ಕಕ್ಕಾಬಿಕ್ಕಿಯಾದಳು. ಬೆಳಿಗ್ಗೆಯಿಂದ ಆ ಕೋಣೆಗೆ ಕಾಲೇ ಇಟ್ಟಿಲ್ಲ ಎಂದಳು. ಸೊಸೆ ನಂಬಲಿಲ್ಲ. ದನಿ ಏರಿತು.

ಗದ್ದಲ ಕೇಳಿ ಎದುರುಮನೆಯ ಗಡಿಯಾರದ ಮಾವ ಬಂದರು. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಪರರ ಮನೆಯ ವಿಷಯಕ್ಕೆ ಮೂಗು ತೂರಿಸುವುದರಲ್ಲೂ ಅಷ್ಟೇ ಪಳಗಿದವರು. ಬಂದವರೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿಂಬಿನ ಮೇಲೆ ಬಗ್ಗಿದರು.

"ಬಿಚ್ಚಿದ ದಳ ಎಲ್ಲಿ?"

"ಹರಿದು ಬಿಸಾಕಿರ್ತಾಳೆ."

ಬಿಸಾಕಿರಲಿಲ್ಲ. ಮಾವ ಕಪಾಟಿನ ಮೇಲಿಂದ ಒಂದು ಡಬ್ಬಿಯ ಮುಚ್ಚಳ ಇಳಿಸಿದರು. ಅದರಲ್ಲಿ ದಳಗಳನ್ನು ಹೊಲಿದಿದ್ದ ಕ್ರಮದಲ್ಲೇ ಸುತ್ತಾಗಿ ಜೋಡಿಸಿಟ್ಟಿತ್ತು. ಒಂದರ ಅಂಚೂ ಹರಿದಿರಲಿಲ್ಲ.

ಆಮೇಲೆ ಅವರು ಕಸದ ಬುಟ್ಟಿಗೆ ಕೈ ಹಾಕಿ, ಸುಕ್ಕುಸುಕ್ಕಾದ ದಾರವೊಂದನ್ನು ಎಳೆದರು.

"ಇದನ್ನ ನೋಡಿದ್ಯಾ?"

"ನೋಡ್ದೆ. ಬಿಚ್ಚಿದ ದಾರ."

"ಎಷ್ಟುದ್ದ ಇದೆ ಅಂತ ನೋಡಿದ್ಯಾ?"

ನೋಡಿರಲಿಲ್ಲ. ಈಗ ಹಿಡಿದರೆ ಮೂರು ಮೊಳಕ್ಕೂ ಮಿಕ್ಕಿತ್ತು.

"ನೀನು ಎಷ್ಟುದ್ದ ಹಾಕ್ತೀಯಾ?"

"ಒಂದೇ ಮೊಳ. ಫೆಲ್ಟಲ್ಲಿ ಉದ್ದ ದಾರ ಎಳೆದೂ ಎಳೆದೂ ಸವೆದು ಹೋಗುತ್ತೆ," ಎಂದ ಸೊಸೆ ತಟ್ಟನೆ ನಿಲ್ಲಿಸಿದಳು. ಇದು ತನ್ನ ಹೊಲಿಗೆಯ ದಾರವಲ್ಲ. ಹಾಗಾದರೆ ಯಾರದ್ದು?

"ಅದೇ ನೋಡು," ಎಂದರು ಮಾವ. "ಯಾರೋ ಬಿಚ್ಚಿದ್ದಾರೆ ಅಂತಷ್ಟೇ ನೀನು ನೋಡ್ದೆ. ಬಿಚ್ಚೋಕೆ ಮುಂಚೆ ಅವರು ಹೊಲಿದಿದ್ದಾರೆ. ಹಾಳು ಮಾಡೋರು ದಳ ಜೋಡಿಸಿಡಲ್ಲ. ಗಡಿಯಾರ ಬಿಚ್ಚಿದಾಗ ತಿರುಪುಗಳನ್ನ ನಾನೂ ಹೀಗೇ ಇಡ್ತಿದ್ದೆ, ಮತ್ತೆ ಕೂಡಿಸ್ಬೇಕಲ್ಲ. ಇನ್ನು ಈ ದಾರ— ಪದೇಪದೇ ಪೋಣಿಸೋಕೆ ಕಣ್ಣು ಸಾಲದವರು ಒಂದೇ ಸಲಕ್ಕೆ ಇಷ್ಟುದ್ದ ಹಾಕ್ಕೋತಾರೆ. ಈ ಹುಡುಗಿಗೆ ಒಂದು ಗುಂಡಿ ಹಚ್ಚೋಕೂ ಬರಲ್ಲ." ಅವರು ಒಳಕೋಣೆಯತ್ತ ತಿರುಗಿದರು. "ಅಲ್ವೇನಕ್ಕ?"

ಅತ್ತೆ ಮೆಲ್ಲನೆ ಎದ್ದು ಬಂದರು. ಸೊಸೆಗೆ ಹೊತ್ತಾದೀತೆಂದು ಕೊನೆಯ ಸುತ್ತನ್ನು ತಾವೇ ಹೊಲಿಯಲು ಕೂತಿದ್ದರಂತೆ. ಮುಗಿಯುವ ಹೊತ್ತಿಗೆ ದಾರ ಜಾರಿ, ಸೂಜಿ ಹತ್ತಿಯೊಳಗೆ ಇಳಿದುಹೋಯಿತಂತೆ.

"ಮಕ್ಕಳು ಕೆನ್ನೆ ಇಟ್ಟು ಮಲಗೋ ದಿಂಬು. ಹಾಗೇ ಹೇಗೆ ಬಿಡ್ಲಿ? ನಿನ್ನ ಸುತ್ತನ್ನೂ ಬಿಚ್ಚಿ, ಬಟ್ಟೆ ಸೀಳಿ ಹುಡುಕಿದೆ. ಹೇಳೋಣ ಅಂದ್ರೆ, ಡಾಕ್ಟರ್ ಬೇಡ ಅಂದ್ರೂ ಸೂಜಿ ಮುಟ್ಟಿದೆ ಅಂತ ನೀನು ಬೈತೀಯ. ತಪ್ಪು ಇವಳ ಮೇಲೆ ಬಂದಾಗ್ಲೂ ಬಾಯಿ ಬಿಡೋ ಧೈರ್ಯ ಬರ್ಲಿಲ್ಲ."

"ಸೂಜಿ ಸಿಕ್ತಾ?"

"ಇಲ್ಲ."

ಆರ್ಡರ್ ಸೊಸೆಯ ತಲೆಯಿಂದಲೇ ಹೋಯಿತು. ಮಾವ ಮನೆಗೆ ಹೋಗಿ, ಬಿದ್ದ ತಿರುಪು ಹುಡುಕುವ ಅಯಸ್ಕಾಂತ ತಂದರು. ದಿಂಬಿನ ಮೇಲೆ ಇಂಚಿಂಚಾಗಿ ಆಡಿಸಿದರು. ನಡುವೆ ಇಲ್ಲ. ಬಲಕ್ಕೆ ಇಲ್ಲ. ಯಾರೂ ಕೈ ಹಾಕದ ಅಂಚಿನ ಹತ್ತಿರ ಟಿಕ್ಕೆಂದಿತು. ಬಟ್ಟೆಯಿಂದಾಚೆ ಹೊಳೆಯುವ ಮೊನೆ ಕಂಡಿತು.

ಸೊಸೆಗೆ ಹೋದ ಜೀವ ಬಂದಂತಾಯಿತು. ಮೊದಲು ಶಿಶುವಿಹಾರಕ್ಕೆ ಫೋನ್ ಮಾಡಿ, ಒಂದಕ್ಷರ ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿ, ದಿಂಬು ಸರಿಮಾಡಲು ಎರಡು ದಿನ ಕೇಳಿದಳು.

"ಮೂರು ದಿನ ತಗೊಳ್ಳಿ," ಎಂದರು ಮೇಡಂ. "ನೋಡಿ ಹೇಳೋದೇನಿಲ್ಲ, ಇಪ್ಪತ್ತೂ ನೀವೇ ಮಾಡಿ. ಒಂದೊಂದಕ್ಕೂ ಆ ಅಯಸ್ಕಾಂತ ಆಡಿಸಿ ಕಳಿಸಿ."

ಫೋನ್ ಇಟ್ಟವಳಿಗೆ ನಾದಿನಿಯ ಮುಖ ನೋಡಲು ನಾಚಿಕೆಯಾಯಿತು. ಆದರೂ ಹೋಗಿ ಅವಳ ಮುಂದೆ ನಿಂತಳು.

"ತಪ್ಪಾಯ್ತು ಕಣೆ."

ನಾದಿನಿ ಮೂಗು ಒರೆಸಿಕೊಂಡಳು. "ಹೊಲಿಗೆ ಕಲಿ, ಹೊಲಿಗೆ ಕಲಿ ಅಂತ ಅಮ್ಮ ವರ್ಷದಿಂದ ಪ್ರಾಣ ತಿಂತಿದ್ದಾಳೆ. ಕಲಿತಿದ್ರೆ ಇವತ್ತು ಬಚಾವಾಗ್ತಾನೇ ಇರ್ಲಿಲ್ಲ."

ಮೊದಲು ನಕ್ಕವರು ಅತ್ತೆ.