ಭರತನ ಅಂಗಿಯ ಮೇಲಿನ ಹಾಲು

"ಈ ಮಗುವಿಗೆ ಹಾಲು ಕುಡಿಸಿದ್ದು ಯಾರು?"

ಡಾಕ್ಟರ್ ಕ್ರಾಂತಿ ಕೇಳಿದ ಧಾಟಿಗೆ ಇಡೀ ವಾರ್ಡು ತಿರುಗಿ ನೋಡಿತು.

ಸೀಳುತುಟಿ ಮಕ್ಕಳಿಗೆ ಪುಕ್ಕಟೆ ಆಪರೇಷನ್ ಮಾಡುವ ಕೂಡ್ಲಿಗಿ ಶಿಬಿರದ ಕಡೆಯ ದಿನವದು. ಉಳಿದಿದ್ದು ಒಂದೇ ಆಪರೇಷನ್, ತಂಬ್ರಹಳ್ಳಿ ದ್ಯಾಮಕ್ಕನ ಮಗ ಭರತನದು. ಅದು ಮುಗಿದರೆ ಡಾಕ್ಟರುಗಳ ತಂಡ ಹೊರಡುತ್ತದೆ. ಹೊಟ್ಟೆ ತುಂಬಿದ ಮಗುವಿಗೆ ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟರೆ ಜೀವಕ್ಕೇ ಅಪಾಯ. ಈಗ ನೋಡಿದರೆ ಮಲಗಿದ್ದ ಭರತನ ಅಂಗಿ ಹಾಲಿನಲ್ಲಿ ತೊಯ್ದಿತ್ತು, ಪಕ್ಕದಲ್ಲೇ ಖಾಲಿ ಲೋಟ.

"ಎಷ್ಟು ಹೇಳಿದರೂ ನೀವು ಕೇಳೋದಿಲ್ಲ. ಮುಂದಿನ ವರ್ಷ ಬನ್ನಿ."

"ನಾ ಕುಡಿಸಿಲ್ರಿ. ಮಕ ತೊಳಕೊಳ್ಳಾಕ ಹೋಗಿದ್ದೆ," ಎಂದಳು ದ್ಯಾಮಕ್ಕ. "ಮುಂದಿನ ವರ್ಷ ಗಿರ್ಷ ಎಲ್ಲಾ ಬ್ಯಾಡ. ಇವತ್ತ ಆಗಬೇಕು. ಅಲ್ಲಿತನಕ ಇಲ್ಲಿಂದ ಏಳಂಗಿಲ್ಲ." ಹಾಗೆಂದವಳೇ ಆಪರೇಷನ್ ಕೋಣೆಯ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು.

ಕೆಲಸಕ್ಕೆ ರಜೆ ಹಾಕಿ ಶಿಬಿರಕ್ಕೆ ದುಡಿಯಲು ಬಂದಿದ್ದ ನರ್ಸ್ ಪುಷ್ಪಲತಾಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಸೀದಾ ಅಡುಗೆಮನೆಗೆ ಓಡಿ, ಉಪ್ಪಿಟ್ಟು ಬಡಿಸುತ್ತಿದ್ದ ನಾಗಲಿಂಗಮ್ಮನವರನ್ನು ಎಳೆದು ತಂದಳು. ಪೊಲೀಸ್ ಕೆಲಸದಿಂದ ನಿವೃತ್ತರಾದ ಹೆಂಗಸು. ಕುರಿ ಕಳೆದರೂ ಸೊಸೆ ಕಳೆದರೂ ಊರಿನವರು ಮೊದಲು ಬಡಿಯುವುದು ಅವರ ಮನೆಯ ಬಾಗಿಲನ್ನೇ. ಹಾಗೆ ಬಂದ ಎಷ್ಟೋ ಜಂಜಾಟಗಳಲ್ಲಿ ಪುಷ್ಪಲತಾ ಅವರ ಬೆನ್ನಿಗಿದ್ದವಳು.

ನಾಗಲಿಂಗಮ್ಮ ಮಗುವಿನ ಮೂಗು, ಗದ್ದ ನೋಡಿದರು. ತಲೆದೆಸೆಯಲ್ಲಿ ಮಡಿಸಿಟ್ಟ ಒರೆಸುವ ಅರಿವೆ ಮುಟ್ಟಿದರು. ಒಣಗಿತ್ತು.

"ಮೊದಲ ಬ್ಯಾಡ ಅಂದಿದ್ದೆ. ದೇವರು ಕೊಟ್ಟ ಮಕ ಅದು," ಎಂದು ಮೂಲೆಯಲ್ಲಿ ಗೊಣಗಿದಳು ದ್ಯಾಮಕ್ಕನ ಅತ್ತೆ ಭರಮಮ್ಮ. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು.

"ಮುದುಕಿನೇ ಇರಬೇಕ್ರಿ," ಎಂದು ಪುಷ್ಪಲತಾ ಪಿಸುಗುಟ್ಟಿದಳು.

"ತಡಿಯವ್ವ, ಅವಸರ ಯಾಕ. ಭರಮಮ್ಮ, ಇವಗ ಹಾಲು ಹೆಂಗ ಕುಡಿಸ್ತಿ?" ಎಂದರು ನಾಗಲಿಂಗಮ್ಮ.

"ಕುಂದ್ರಿಸಿ, ಚಮಚದಾಗ. ಬಾಯಿ ಒಳಗ ಅಂಗುಳನೂ ಸೀಳೈತಲ್ಲ, ಎಷ್ಟು ಜ್ವಾಕಿ ಮಾಡಿದ್ರೂ ಮೂಗಿನಾಗ ಬರ್ತತಿ. ಅದಕ್ಕ ಅರಿವಿ ಇಟಗಂಡಿರ್ತೀವಿ."

ಪಕ್ಕದ ಮಂಚದಲ್ಲಿ ಪಂಪಿ ಎಂಬ ಹುಡುಗಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ಹಸಿವೆ ಎಂದು ಅಳುತ್ತಿದ್ದಳು. ಸಮಯವಿಲ್ಲ, ಮುಂದಿನ ವರ್ಷ ಬಾ ಎಂದು ಹಿಂದಿನ ದಿನವೇ ಅವಳ ಅಪ್ಪ ಯರ್ರೆಪ್ಪನಿಗೆ ಹೇಳಿಯಾಗಿತ್ತು. ಅವಳ ಪಾಲಿನ ಉಪ್ಪಿಟ್ಟು ಮಂಚದಡಿ ಹಾಗೇ ಇತ್ತು.

"ಇಕಿ ಹೆಂಗ ಕುಡಿತಾಳೋ ಯರ್ರೆಪ್ಪ?" ಎಂದು ನಾಗಲಿಂಗಮ್ಮ ಅವನನ್ನು ಕೇಳಿದರು.

"ಇಕಿದು ತುಟಿ ಅಷ್ಟ ಸೀಳೈತ್ರಿ. ಲೋಟ ಎತ್ತಿದ್ರ ಗಟಗಟ ಕುಡಿತಾಳ."

ನಾಗಲಿಂಗಮ್ಮ ಎಲ್ಲರನ್ನೂ ಮಂಚದ ಸುತ್ತ ಕರೆದರು. ದ್ಯಾಮಕ್ಕ ಮಾತ್ರ ಹೊಸ್ತಿಲಿನಿಂದ ಅಲುಗಲಿಲ್ಲ.

"ಈ ಹುಡುಗ ಹಾಲು ಕುಡಿದೇ ಇಲ್ಲ. ಕುಡಿದಿದ್ರ ಮೂಗು ಒದ್ದಿ ಇರತಿತ್ತು, ಅರಿವಿ ಒದ್ದಿ ಇರತಿತ್ತು. ಒದ್ದಿ ಆಗಿದ್ದು ಅಂಗಿ ಒಂದ. ಯಾರೋ ಮ್ಯಾಲೆ ಸುರಿವ್ಯಾರ. ಅವ್ವ ಆಗ್ಲಿ, ಅಜ್ಜಿ ಆಗ್ಲಿ ಹಂಗ ಮಾಡಿದ್ರ ಮೊದಲು ಮೂಗು ಒರಸೋ ಅರಿವಿ ತೋಯಿಸ್ತಿದ್ರು. ಸುರಿವಿದವಗ ಇವನ ಅಂಗುಳದ ಸುದ್ದಿ ಗೊತ್ತಿಲ್ಲ. ತನ್ನ ಕೂಸು ಕುಡಿದಂಗ ಇವನೂ ಕುಡಿತಾನ ಅಂದ್ಕಂಡಾನ." ಅವರು ತಿರುಗಿದರು. "ಯರ್ರೆಪ್ಪ, ಆಪರೇಷನ್ ಇಲ್ಲ ಅಂದ ಮಗಳನ್ನ ಯಾಕ ಉಪವಾಸ ಇಟ್ಟಿ? ಜಾಗ ಖಾಲಿ ಆಗ್ತತಿ ಅಂತ ನಿನಗೊಬ್ಬಗ ಹೆಂಗ ಗೊತ್ತಿತ್ತು?"

ಯರ್ರೆಪ್ಪ ಕೈ ಮುಗಿದ. "ಅಂಗಿ ಮ್ಯಾಲೆ ಸುರಿವಿದ್ದು ಖರೆ, ಹುಡುಗನ ಬಾಯಿಗೆ ಒಂದು ಹನಿನೂ ಹಾಕಿಲ್ರಿ, ನನ್ನ ಮಗಳಾಣಿ. ಸಾಲ್ಯಾಗ ಹುಡುಗರು ಆಡ್ಕಂತಾರಂತ ಪಂಪಿ ಆ ಟವೆಲ್ ತೆಗಿಯಂಗಿಲ್ರಿ, ಮಲಗಿದ್ರೂ ತೆಗಿಯಂಗಿಲ್ಲ."

ಡಾಕ್ಟರ್ ಕ್ರಾಂತಿ ಟಾರ್ಚು ಹಿಡಿದು ಭರತನ ಮೂಗು, ಬಾಯಿ ಪರೀಕ್ಷಿಸಿದರು. ಅವರ ಮುಖ ಸಡಿಲವಾಯಿತು. "ದ್ಯಾಮಕ್ಕ, ನಿಮ್ಮನ್ನು ಸುಮ್ಮನೆ ಅಂದೆ. ಏಳಿ, ಮಗುವನ್ನು ಒಳಗೆ ಕರೆದೊಯ್ಯೋಣ."

ದ್ಯಾಮಕ್ಕ ಏಳಲಿಲ್ಲ. ಯರ್ರೆಪ್ಪನನ್ನು ಸುಟ್ಟುಬಿಡುವಂತೆ ನೋಡಿದಳು. "ನಿನ್ನ ಮಕ ನೋಡಾಕೂ ಮನಸಿಲ್ಲ ನನಗ." ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಆದ್ರ ಆ ಹುಡುಗಿ ಏನ್ ಮಾಡ್ಯಾಳ್ರಿ? ಆಕಿ ಹೊಟ್ಟಿನೂ ಖಾಲಿ ಐತಿ. ಆಕಿನ್ನೂ ಒಳಗ ಕರಕೊಳ್ತೀನಿ ಅನ್ರಿ, ಆಗ ಏಳ್ತೀನಿ."

"ಗಾಡಿ ಬಂದು ನಿಂತಿದೆಯಮ್ಮ, ಸಮಯವಿಲ್ಲ."

ನಾಗಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ದ್ಯಾಮಕ್ಕನ ಪಕ್ಕ ಕೂತರು. ಡಾಕ್ಟರು ಬೈದರೆ ಬೈಯಲಿ ಎಂದು ಪುಷ್ಪಲತಾಳೂ ಕೂತಳು. ಅಷ್ಟರಲ್ಲಿ ಭರಮಮ್ಮ ಮೂಲೆಯಿಂದ ಕೋಲೂರಿಕೊಂಡು ಬಂದಳು. ಬೆಳಗ್ಗೆಯಿಂದ ಆಪರೇಷನ್ನೇ ಬೇಡ ಎನ್ನುತ್ತಿದ್ದ ಮುದುಕಿ.

"ಅತ್ಲಾಗ ಸರಿಯವ್ವ, ನನಗೂ ಜಾಗ ಬಿಡು," ಎಂದು ಸೊಸೆಯ ಮಗ್ಗುಲಿಗೆ ಕೂತಳು.

ಡಾಕ್ಟರ್ ಕ್ರಾಂತಿ ನಾಲ್ವರನ್ನೂ ನೋಡಿದರು. ಫೋನ್ ತೆಗೆದು ಡ್ರೈವರಿಗೆ, "ಸಾಮಾನೆಲ್ಲ ವಾಪಸ್ ಇಳಿಸಪ್ಪ," ಎಂದರು.